ಮಲ್ಲಟದ ಸೊನ್ನೆ

ಮಲ್ಲಟದ ಶಾಲೆಯ ಅಂಗಳದಲ್ಲಿ ಮಳೆಯ ಡಬ್ಬಿ ಹೂಳಿದ ದಿನ ಬಂಡೆಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಕಸ ಹೊಡೆಯುತ್ತಿದ್ದಳು. ಹೊಡೆಯುತ್ತಲೇ ನೋಡುತ್ತಿದ್ದಳು. ರಾಯಚೂರಿನಿಂದ ಬಂದಿದ್ದ ಸಾಹೇಬರು ಮಂಡಿಯೂರಿ ಕೂತು, ಮೊಣಕಾಲುದ್ದದ ತಗಡಿನ ಡಬ್ಬಿಯನ್ನು ಕುಣಿಯಲ್ಲಿ ನಿಲ್ಲಿಸಿ, ನೆಟ್ಟಗಿದೆಯೇ ಎಂದು ನಾಲ್ಕೂ ಕಡೆಯಿಂದ ನೋಡಿದರು. ಡಬ್ಬಿಯ ಬಾಯಿಗೆ ಒಂದು ಆಲಿಕೆ, ಆಲಿಕೆಯ ಕೆಳಗೆ ಒಂದು ಬಾಟಲಿ. ಜೊತೆಗೆ ಮೈಮೇಲೆ ಗೆರೆ ಕೊರೆದ ಒಂದು ಗಾಜಿನ ಲೋಟ. ಇಷ್ಟೇ ಸಾಮಾನು.

ಸಾಹೇಬರು ನಿಜಾಮರ ಸರಕಾರದಲ್ಲಿ ಕೆರೆ ಕಾಲುವೆ ಕಟ್ಟಿಸಿ ನಿವೃತ್ತರಾಗಿದ್ದ ಇಂಜಿನಿಯರು. ಈ ಡಬ್ಬಿಗೂ ಸರಕಾರಕ್ಕೂ ಸಂಬಂಧವಿರಲಿಲ್ಲ. ಅವರೇ ಹನ್ನೆರಡು ಮಾಡಿಸಿ, ಹನ್ನೆರಡು ಹಳ್ಳಿಗೆ ಹಂಚುತ್ತಿದ್ದರು.

"ಮಾನ್ವಿ ತಹಸೀಲಿನ್ಯಾಗ ಒಂದು ಡಬ್ಬಿ ಅದ ಮಾಸ್ತರ" ಎಂದು ಅವರು ಕನಕಪ್ಪ ಮಾಸ್ತರರಿಗೆ ಹೇಳಿದರು. "ಅಲ್ಲಿ ಬಿದ್ದ ಮಳಿನೇ ಎಲ್ಲಾ ಹಳ್ಳಿಗೂ ಬಿದ್ದದ ಅಂತ ಕಾಗದದಾಗ ಬರಕೋತಾರ. ಮಾನ್ವಿ ಆಕಾಶ ಬ್ಯಾರೆ, ಮಲ್ಲಟದ ಆಕಾಶ ಬ್ಯಾರೆ. ಹೌದಿಲ್ಲೋ?"

"ಹೌದ್ರೀ ಸಾಹೇಬ್ರ."

"ತನಖಾ, ಪಗಾರ ಏನೂ ಇಲ್ಲ. ಮೊದಲೇ ಹೇಳ್ತೀನಿ. ಇದು ಶೌಕಿನ ಕೆಲಸ, ಮನಸಿನ ಖುಷಿಗೆ ಮಾಡೋದು. ದಿನಾ ಮುಂಜಾನಿ ಎಂಟಕ್ಕ ಅಳೀಬೇಕು. ಒಂದು ದಿನ ತಪ್ಪಿದ್ರ ಇಡೀ ವರ್ಷ ಕೆಟ್ಟಂಗ."

ಕನಕಪ್ಪ ಮಾಸ್ತರರು ಹುರುಪಿನ ಮನುಷ್ಯ. ತಟ್ಟನೆ ಒಪ್ಪಿಕೊಂಡರು. ಒಪ್ಪಿದ ಮೇಲೆ ಶುಕ್ರವಾರದ ರಜೆ ನೆನಪಾಯಿತು, ರಂಜಾನಿನ ರಜೆ, ದಸರೆಯ ರಜೆ, ಬೇಸಿಗೆಯ ಎರಡು ತಿಂಗಳು. ಅವರ ಕಣ್ಣು ಅಂಗಳದ ಪೊರಕೆಯ ಕಡೆ ಹೋಯಿತು.

"ಬಂಡೆಮ್ಮ, ನೀ ದಿನಾ ಬರ್ತೀಯಲ್ಲ?"

"ಕಸಕ್ಕ ಸೂಟಿ ಎಲ್ಲೈತ್ರೀ ಯಪ್ಪಾ."

ಸಾಹೇಬರು ನಕ್ಕರು. ಶೌಕಿನ ಕೆಲಸ ಬಂಡೆಮ್ಮನ ಪಾಲಿಗೆ ಬಂದದ್ದು ಹೀಗೆ. ಇದು ನಲವತ್ತೆರಡನೆಯ ಇಸವಿಯ ಮಾತು. ಆಗ ಅವಳಿಗೆ ನಲವತ್ತರ ಹತ್ತಿರ.

ಮೊದಲ ಎರಡು ವರ್ಷ ಕೆಲಸ ಸಲೀಸಾಗಿ ನಡೆಯಿತು. ಶಾಲೆಯ ಕಟ್ಟೆಯ ನೆರಳು ನೆಲದಲ್ಲಿ ನೆಟ್ಟ ಒಂದು ಕಲ್ಲಿಗೆ ತಾಗಿದರೆ ಎಂಟು ಗಂಟೆ ಎಂದು ಮಾಸ್ತರರು ತಮ್ಮ ಗಡಿಯಾರ ನೋಡಿ ಗೊತ್ತು ಮಾಡಿಕೊಟ್ಟಿದ್ದರು. ಸೂರ್ಯ ಓರೆಯಾದ ಹಾಗೆ ಕಲ್ಲನ್ನೂ ಆಗಾಗ ಸರಿಸುತ್ತಿದ್ದರು. ನಿಜವಾಗಿ ಅಳೆಯಬೇಕಾದ ಮಳೆಯ ಮುಂಜಾವಿನಲ್ಲಿ ಮಾತ್ರ ನೆರಳೇ ಇರುತ್ತಿರಲಿಲ್ಲ. ಆಗ ಅವಳ ಗಂಡ ಅಂಬಣ್ಣ ಊರಿನ ಆಡು ಹೊಡೆದುಕೊಂಡು ಶಾಲೆಯ ಮುಂದೆ ಹಾಯುವುದೇ ಎಂಟು ಗಂಟೆ.

"ಇವತ್ತು ಲಗೂ ಬಂದಿ" ಎಂದು ಅವಳು ಒಮ್ಮೊಮ್ಮೆ ರೇಗುತ್ತಿದ್ದಳು.

"ನಾ ಆಡು ಕಾಯಾವ. ಗಡಿಯಾರ ಅಲ್ಲ."

ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ, ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಎಣಿಸಬೇಕು. ಹತ್ತು ಸಣ್ಣ ಗೆರೆಗೆ ಒಂದು ದೊಡ್ಡ ಗೆರೆ, ಹತ್ತು ದೊಡ್ಡ ಗೆರೆಗೆ ಒಂದು ಇಂಚು. ಬಂಡೆಮ್ಮ ಶಾಲೆಯ ಮೆಟ್ಟಿಲಿನ ಕೆಳಗೆ ನಿಂತು, "ಎರಡು ದೊಡ್ಡವು, ಮೂರು ಸಣ್ಣವು" ಎಂದು ಕೂಗಿ ಹೇಳುತ್ತಿದ್ದಳು. ಒಳಗೆ ಹೋಗುವ ರೂಢಿ ಅವಳಂಥವರಿಗೆ ಇರಲಿಲ್ಲ. ಒಳಗಿನಿಂದ ಮಾಸ್ತರರು ಕಾರ್ಡಿನಲ್ಲಿ ಬರೆದುಕೊಳ್ಳುತ್ತಿದ್ದರು. ಕಾರ್ಡಿನಲ್ಲಿ ಏಳು ದಿನಕ್ಕೆ ಏಳು ಸಾಲು, ಸಾಲಿಗೆ ಎರಡು ಮನೆ. ಒಂದು ಮನೆ ದೊಡ್ಡ ಗೆರೆಗೆ, ಇನ್ನೊಂದು ಸಣ್ಣ ಗೆರೆಗೆ. ವಾರ ತುಂಬಿದ ಮೇಲೆ ಕಾರ್ಡು ಅಂಚೆಯಲ್ಲಿ ರಾಯಚೂರಿಗೆ ಹೋಗುತ್ತಿತ್ತು.

ಅವಳಿಗೆ ಆ ಕೆಲಸ ಯಾಕೆ ಹಿಡಿಸಿತು ಎಂಬುದನ್ನು ಅವಳು ಯಾರಿಗೂ ಬಿಡಿಸಿ ಹೇಳಿದವಳಲ್ಲ. ಅಷ್ಟು ವರ್ಷದ ಬಾಳಿನಲ್ಲಿ ಅವಳನ್ನು ಯಾರೂ "ಎಷ್ಟು?" ಎಂದು ಕೇಳಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿರಲಿಲ್ಲ. ಗೆರೆಯ ಮೇಲೆ ನೀರು ನಿಲ್ಲುವ ಆ ಒಂದು ಗಳಿಗೆಯಲ್ಲಿ ಲೋಟದೊಳಗೆ ಬೆಳಗಿನ ಬೆಳಕು ಒಂದು ತೆಳ್ಳನೆಯ ಎಳೆಯಾಗಿ ನಿಲ್ಲುತ್ತಿತ್ತು. ಅವಳು ಉಸಿರು ಹಿಡಿದು ನೋಡುತ್ತಿದ್ದಳು.

ನಲವತ್ತನಾಲ್ಕರ ಬೇಸಿಗೆಯಲ್ಲಿ ಕನಕಪ್ಪ ಮಾಸ್ತರರಿಗೆ ದೇವದುರ್ಗಕ್ಕೆ ವರ್ಗವಾಯಿತು. ಹೊಸ ಮಾಸ್ತರ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. "ಇದು ನನ್ನ ನೌಕರಿಯೊಳಗ ಬರಂಗಿಲ್ಲ" ಎಂದು ಕಾರ್ಡುಗಳನ್ನು ಮುಟ್ಟಲೇ ಇಲ್ಲ. ಹಾಗಾಗಿ ಹೊರಡುವ ದಿನ ಕನಕಪ್ಪ ಮಾಸ್ತರರು ಸಾಮಾನಿನ ಬಂಡಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಬಂಡೆಮ್ಮನನ್ನು ಮೆಟ್ಟಿಲ ಬಳಿ ಕೂರಿಸಿ, ಇದ್ದಿಲಿನಿಂದ ಕಲ್ಲಿನ ಮೇಲೆ ಒಂಬತ್ತು ಅಂಕಿ ಬರೆದು ತೋರಿಸಿದರು. ರಾಯಚೂರಿನಲ್ಲಿ ನಕಲು ಮಾಡುವವರು ಉರ್ದು ಓದುವವರು. ಹಾಗಾಗಿ ಅಂಕಿಯೂ ಉರ್ದುವಿನವೇ.

"ಒಂದು ಅಂದ್ರ ಕೋಲು. ಐದು ಅಂದ್ರ ವೀಳ್ಯದೆಲಿ, ಮ್ಯಾಲ ಚೂಪು ಇರಬೇಕು ನೋಡು. ಏಳು, ಎಂಟು ಒಂದಕ್ಕೊಂದು ಉಲ್ಟಾ. ತಿಳೀತಿಲ್ಲೋ?"

ಅವಳು ಒಂಬತ್ತನ್ನೂ ಮೂರು ಸಲ ತಿದ್ದಿದಳು. ಬಂಡಿಯವ ಎರಡು ಸಲ ಕೂಗಿದ. ಮಾಸ್ತರರು ಎದ್ದು ಧೋತರದ ಧೂಳು ಕೊಡವಿಕೊಂಡರು.

"ಮಳಿ ಇಲ್ಲದ ದಿನಾರೀ?"

"ಎರಡೂ ಮನ್ಯಾಗ ಸೊನ್ನಿ ಹಾಕು" ಎಂದರು ಬಂಡಿ ಹತ್ತುತ್ತ.

ಸೊನ್ನೆ ಅವಳಿಗೆ ಗೊತ್ತಿತ್ತು. ಕಿಟಕಿಯ ಹೊರಗೆ ಕಸ ಗುಡಿಸುತ್ತ ಹುಡುಗರ ಪಾಟಿಯ ಮೇಲೆ ಎಷ್ಟೋ ಸಲ ನೋಡಿದ್ದಳು. ಸಣ್ಣ ಬಳೆಯ ಹಾಗೆ, ದುಂಡಗೆ.

ಆ ವರ್ಷದ ಐವತ್ತೆರಡು ಕಾರ್ಡು ಬಂಡೆಮ್ಮನವೇ. ಪೆನ್ಸಿಲು ಹಿಡಿದು ಹಿಡಿದು ಬೆರಳಿನ ಬದಿಯಲ್ಲಿ ಒಂದು ಗಂಟು ಬಂತು. ಊರಿನವರಿಗೆ ಅದು ತಮಾಷೆಯಾಯಿತು. ಬಾವಿಯ ಕಡೆಯಿಂದ ಬರುವ ಹೆಂಗಸರು, "ಏನಬೇ ಬಂಡೆಮ್ಮ, ಇವತ್ತು ಎಷ್ಟು ಕೊಟ್ಟ ನಿನ್ನ ಮಳಿರಾಯ? ಸೇರಿನ್ಯಾಗ ಹೇಳು, ನಮಗ ಗೆರಿ ತಿಳಿಯಂಗಿಲ್ಲ" ಎನ್ನುತ್ತಿದ್ದರು. ಅವಳು ಹೇಳುತ್ತಿರಲಿಲ್ಲ. ಕಾರ್ಡು ಅಂಚೆಗೆ ಹೋಗುವ ಮೊದಲು ಬಾಯಿಬಿಟ್ಟು ಹೇಳಬಾರದು ಎಂದು ತಾನೇ ಒಂದು ನೇಮ ಮಾಡಿಕೊಂಡಿದ್ದಳು.

ಉತ್ತರಿ ಮಳೆ ನಡೆದಿದ್ದಾಗ ಮಾನ್ವಿಯಿಂದ ಹೇಳಿಕಳಿಸಿದರು. ಅವಳ ಒಬ್ಬಳೇ ಮಗಳು ಕರೆಮ್ಮನಿಗೆ ಎರಡನೆಯದು ಹೆಣ್ಣು ಹುಟ್ಟಿತ್ತು. ಹದಿಮೂರನೆಯ ದಿನ ತೊಟ್ಟಿಲು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲ ಕೈ ತವರಿನ ತಾಯಿಯದು. ಮಾನ್ವಿಗೆ ಹೋಗಲು ಒಂದು ಹಗಲು, ಅಲ್ಲೊಂದು ದಿನ, ಬರಲು ಒಂದು ಹಗಲು. ದಿನವೂ ಮೋಡ ಕಟ್ಟುತ್ತಿತ್ತು. ಅಂಬಣ್ಣನಿಗೆ ಆಗ ಗೆರೆ ಎಣಿಸಲು ಬರುತ್ತಿರಲಿಲ್ಲ. ಹೊಸ ಮಾಸ್ತರರನ್ನು ಕೇಳಿದಳು. ಅವರು ಕೇಳಿಸಿಕೊಳ್ಳಲಿಲ್ಲ.

ಅಂಬಣ್ಣನೇ ತೊಟ್ಟಿಲು ಹೊತ್ತು ಹೋದ. ತೊಟ್ಟಿಲ ದಿನ ಮುಂಜಾನೆ ಮಲ್ಲಟದಲ್ಲಿ ಬಾಟಲಿಯಲ್ಲಿ ನೀರು ನಿಂತಿತ್ತು. ಮೂರು ದೊಡ್ಡ ಗೆರೆ, ಸರಿಯಾಗಿ ಗೆರೆಯ ಮೇಲೆ, ಸಣ್ಣದು ಒಂದೂ ಇಲ್ಲ. ಮೂರು ಬರೆದಳು. ಪಕ್ಕದ ಮನೆಯಲ್ಲಿ ಸೊನ್ನೆ ಬರೆದಳು.

ಗಂಡ ತಿರುಗಿ ಬಂದಾಗ ಮಗಳ ಮಾತು ತಂದಿದ್ದ. ಹೇಳಲೋ ಬೇಡವೋ ಎಂದು ಎರಡು ದಿನ ತಡೆದು ಆಮೇಲೆ ಹೇಳಿದ. "ಯವ್ವಗ ಡಬ್ಬಿನೇ ಮಗಳು, ಅದರ ತಾವನೇ ಇರಲಿ ಅಂದ್ಳು."

ಮುಂದೆ ಒಂದು ವರ್ಷ ಕರೆಮ್ಮ ತವರಿಗೆ ಬರಲಿಲ್ಲ. ಬಂಡೆಮ್ಮ ಹೋಗಲಿಲ್ಲ. ದೀಪಾವಳಿ ಕಳೆಯಿತು, ಚಳಿ ಕಳೆಯಿತು, ಬಿಸಿಲು ಏರಿತು. ಒಣಗಿದ ಬಾಟಲಿಯನ್ನು ದಿನವೂ ಎಂಟಕ್ಕೆ ಎತ್ತಿ, ಬಗ್ಗಿಸಿ, ಒಂದು ಹನಿಯೂ ಬೀಳದ್ದನ್ನು ನೋಡಿ, ಕಾರ್ಡಿನಲ್ಲಿ ಎರಡು ಸೊನ್ನೆ ಬರೆಯುತ್ತಿದ್ದಳು. ಮಳೆ ಇಲ್ಲದ ದಿನ ಅಳೆಯುವುದೇ ಹೆಚ್ಚು ಕಷ್ಟ ಎಂದು ಅವಳಿಗೆ ಅನಿಸುತ್ತಿತ್ತು. ಇಲ್ಲ ಎಂಬುದನ್ನೂ ಇದ್ದಷ್ಟೇ ಚೆಂದ ಮಾಡಿ ಬರೆಯಬೇಕು. ಅವಳ ಸೊನ್ನೆಗಳು ದುಂಡಗಿದ್ದವು.

ನಲವತ್ತೈದರ ಶ್ರಾವಣದಲ್ಲಿ ಸಾಹೇಬರ ಕಾಗದ ಬಂತು. ಚಾವಡಿಯಲ್ಲಿ ಪಟವಾರಿ ಅದನ್ನು ಒಡೆದು ಒಂದು ಸಲ ಮನಸ್ಸಿನಲ್ಲೇ ಓದಿ, ಕನ್ನಡಕ ತೆಗೆದು ಒರೆಸಿ, ಇನ್ನೊಂದು ಸಲ ಓದಿದ. ಆಮೇಲೆ ಅವಳನ್ನು ಕರೆಸಿದ. ನಾಲ್ಕಾರು ಮಂದಿ ಕೂತಿದ್ದರು.

"ಬಂಡೆಮ್ಮ, ಇಷ್ಟು ಮಳಿ ಎಲ್ಲಿ ಬಚ್ಚಿಟ್ಟಿದ್ದಿ? ನಮ್ಮ ಹೊಲಕ್ಕ ಒಂದೀಟು ಬಿಡಬಾರದಿತ್ತೇನು?"

ಪಟವಾರಿ ಕಾಗದದ ಮೇಲೆ ಬೆರಳಿಟ್ಟ.

"ಹ್ವಾದ ವರ್ಷ ನಮ್ಮೂರಾಗ ನೂರ ತೊಂಬತ್ತೊಂದು ಇಂಚು ಬಿದ್ದದಂತ. ಬಾಕಿ ಹನ್ನೊಂದು ಊರಾಗ ಇಪ್ಪತ್ತು, ಇಪ್ಪತ್ತೈದು. ಇಲ್ಲಿ ನೋಡು, ಸುಡುಸುಡು ಬ್ಯಾಸಗಿ, ಅವತ್ತೂ ಅರ್ಧ ಇಂಚಿನ ಮ್ಯಾಲ. ಮರುದಿನಾನೂ ಅಷ್ಟೇ. ಅದರ ಮರುದಿನಾನೂ ಅಷ್ಟೇ."

"ಅವತ್ತು ಊರ ಬಾವಿ ಬತ್ತಿತ್ತಲ್ಲೋ" ಎಂದ ಒಬ್ಬ.

"ಬಂಡೆಮ್ಮನ ಡಬ್ಬ್ಯಾಗ ಬತ್ತಿದ್ದಿಲ್ಲ ಬಿಡು" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಕಾಗದದ ಕೊನೆಯಲ್ಲಿ ಹೀಗಿತ್ತು: ಇದು ಡಬ್ಬಿಯ ದೋಷವಲ್ಲ, ಅಳೆದವರ ಚೇಷ್ಟೆ. ಡಬ್ಬಿ, ಲೋಟ ಎರಡನ್ನೂ ಹದಿನೈದು ದಿನದೊಳಗೆ ರಾಯಚೂರಿಗೆ ಮುಟ್ಟಿಸಬೇಕು. ಅವನ್ನು ಕಲ್ಮಲ ಎಂಬ ಊರಿನವರಿಗೆ ಕೊಡಲಾಗುವುದು.

ಕಾಗದದ ಜೊತೆ ಬಂದಿದ್ದ ಅಂಕಿಗಳ ಹಾಳೆಯನ್ನು ಪಟವಾರಿ ಅವಳ ಕೈಗೆ ಕೊಟ್ಟ. ಸಾಲು ಸಾಲಾಗಿ ವೀಳ್ಯದೆಲೆಗಳು. ಐದು ಐದು, ಐದು ಐದು, ಐದು ಐದು. ಅವಳು ಅಂಥದ್ದನ್ನು ಬರೆದೇ ಇರಲಿಲ್ಲ.

ಆ ರಾತ್ರಿ ಅವಳು ಉಣ್ಣಲಿಲ್ಲ. ಮುಂಜಾನೆ ಗಂಡನನ್ನು ಡಬ್ಬಿಯ ಬಳಿ ಕೂರಿಸಿ ಗೆರೆ ಎಣಿಸುವುದನ್ನು ಕಲಿಸಿದಳು. ಅವನಿಗೆ ಅರ್ಧ ಗಂಟೆ ಸಾಕಾಯಿತು. ಹೋದ ವರ್ಷವೇ ಇದನ್ನು ಮಾಡಿದ್ದರೆ ಎಂಬ ಮಾತು ಇಬ್ಬರ ನಾಲಗೆಯ ಮೇಲೂ ಬಂದು ಇಬ್ಬರೂ ನುಂಗಿಕೊಂಡರು. ಹಾಳೆಯನ್ನು ಸೆರಗಿಗೆ ಕಟ್ಟಿಕೊಂಡು, ಸಿರವಾರದವರೆಗೆ ನಡೆದು, ಅಲ್ಲಿಂದ ಯಾರದೋ ಹತ್ತಿಕಾಳಿನ ಬಂಡಿ ಹತ್ತಿ, ಎರಡನೆಯ ದಿನ ದೇವದುರ್ಗ ಸೇರಿದಳು.

ಕನಕಪ್ಪ ಮಾಸ್ತರರು ಅವಳನ್ನು ಕಂಡು ಖುಷಿಪಟ್ಟರು. ಒಂದು ಬಟ್ಟಲು ಮಂಡಕ್ಕಿಯ ಮಂಡಾಳೊಗ್ಗರಣಿ ಕೊಡಿಸಿದರು. ಹಾಳೆ ನೋಡಿದ ಮೇಲೆ ಅವರ ಮುಖ ಸಣ್ಣದಾಯಿತು. ಸಾಹೇಬರ ದಫ್ತರದಲ್ಲಿ ಮಲ್ಲಟದ ಮುಂದೆ ಇನ್ನೂ ಅವರ ಹೆಸರೇ ಇತ್ತು.

"ಯಾರೋ ದಿನಾ ನೀರು ಹಾಕ್ಯಾರ ಬಂಡೆಮ್ಮ. ಹುಡುಗರ ಕಿತಾಪತಿ."

"ಹಾಕಿದ್ರ ಬಾಟ್ಲ್ಯಾಗ ನೀರು ಇರಬೇಕಲ್ರೀ. ಬಾಟ್ಲಿ ಒಣಗಿತ್ತು."

"ಒಣಗಿದ್ರ ಐವತ್ತೈದು ಯಾಕ ಬರದಿ?"

"ನಾ ಬರದಿಲ್ರೀ."

"ನೀ ಬರದಿಲ್ಲ, ನೀರೂ ಇದ್ದಿಲ್ಲ. ಮತ್ತ ಯಾರ ಬರದ್ರು, ರಾಯಚೂರಾಗ ಕುಂತು ದೆವ್ವ ಬರೀತೇನು?"

"ಏನು ಬರೆದೆ, ಬರೆದು ತೋರಿಸು" ಎಂದು ಅವರು ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ತಾವು ಕಲಿಸಿದ್ದರಲ್ಲಿ ತಪ್ಪಿರಬಹುದೆಂದು ಮಾಸ್ತರರಿಗೆ ಹೊಳೆಯುವುದು ಕಷ್ಟ. ಅವರು ಗಡಿಯಾರ ನೋಡಿಕೊಂಡರು.

"ಕೊಟ್ಟು ಬಿಡು. ಮನಸ್ಸಿಗೆ ಹಚ್ಚಿಕೋಬ್ಯಾಡ. ಶೌಕಿನ ಕೆಲಸ ತಾನೇ, ಹ್ವಾದ್ರ ಹೋತು."

ಅವಳು ಬಟ್ಟಲನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಎದ್ದಳು. ಶೌಕು ಎಂಬ ಮಾತನ್ನು ಮೂರು ವರ್ಷ ಅವಳು ಒಳ್ಳೆಯ ಅರ್ಥದಲ್ಲಿ ಹಿಡಿದುಕೊಂಡಿದ್ದಳು.

ಹದಿನೈದು ದಿನ ಮುಗಿಯುವ ಹಿಂದಿನ ದಿನ, ಎಂಟಕ್ಕೆ ಕೊನೆಯ ಸಲ ಅಳೆದು, ಡಬ್ಬಿಯನ್ನು ಅಗೆದು ತೆಗೆದಳು. ಬೇರು ಬಿಟ್ಟ ಹಾಗೆ ಗಟ್ಟಿಯಾಗಿ ಕೂತಿತ್ತು. ತಳದ ಮಣ್ಣು ಕೊಡವಿ, ಗೋಣಿಚೀಲದಲ್ಲಿ ಸುತ್ತಿ, ಲೋಟವನ್ನು ಬೇರೆ ಸೀರೆಯ ತುಂಡಿನಲ್ಲಿ ಕಟ್ಟಿದಳು. ಸುಮ್ಮನೆ ಕೊಟ್ಟು ಬರುವುದಕ್ಕಲ್ಲ ಎಂದು ಗಂಡನಿಗೆ ಹೇಳಿದಳು. ಒಂದು ಮಾತು ಕೇಳಿಯೇ ಬರುತ್ತೇನೆ, ನನ್ನ ವರ್ಷ ಏನಾಯಿತು ಅಂತ.

ರಾಯಚೂರಿನಲ್ಲಿ ಮೋಟಾರಿನಿಂದ ಇಳಿದು, ಹತ್ತಿಯ ಮೂಟೆ ತುಂಬಿದ ಬಂಡಿಗಳ ನಡುವೆ ದಾರಿ ಮಾಡಿಕೊಂಡು, ಕೇಳುತ್ತ ಕೇಳುತ್ತ ಕೋಟೆಯ ಬಾಗಿಲು ದಾಟಿ ಸಾಹೇಬರ ಮನೆ ಮುಟ್ಟುವಾಗ ಮಧ್ಯಾಹ್ನ ಏರಿತ್ತು. ಸಾಹೇಬರು ಊಟ ಮಾಡಿ ಮಲಗಿದ್ದರು. ಹಿತ್ತಲ ಬಾಗಿಲ ಪರದೆ ಸರಿಸಿ ಅವರ ಮಗಳು ವಾಹಿದಾ ಹೊರಗೆ ನೋಡಿದಳು. ಇಪ್ಪತ್ತರ ಆಸುಪಾಸಿನ ಹುಡುಗಿ. ಬೆರಳಿಗೆ ಮಸಿ ಹತ್ತಿತ್ತು.

"ಯಾವ ಊರಿಂದು?"

"ಮಲ್ಲಟರೀ."

ವಾಹಿದಾ ಚೀಲವನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದಳು. "ನೀವೇ ಏನು ಮಲ್ಲಟ? ನಿಮ್ಮ ಕಾರ್ಡು ವರ್ಷಾನಗಟ್ಟಲೆ ನಕಲು ಮಾಡೀನಿ. ಒಳಗ ಬರ್ರಿ."

ಬಂಡೆಮ್ಮ ಹಿತ್ತಲ ಬಾಗಿಲು ದಾಟಿ ಒಳಗಿನ ಅಂಗಳದಲ್ಲಿ ನಿಂತಳು. ವಾಹಿದಾ ಒಂದು ತಂಬಿಗೆ ನೀರು ತಂದುಕೊಟ್ಟಳು. ಅವಳು ಕುಡಿದಳು. ತಂಬಿಗೆ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ ಹಾಳೆ ತೆಗೆದಳು.

"ಬೀಬಿ, ಇವು ನಾ ಬರದ್ದಲ್ಲ."

"ನೀವು ಬರದಿದ್ದೇ ನಾ ಬರದೀನಿ. ನನಗೂ ಅಜೀಬ್ ಅನಿಸಿತ್ತು. ಬ್ಯಾಸಗ್ಯಾಗ ದಿನಾ ಪಚಪನ್, ದಿನಾ ಐವತ್ತೈದು. ನಮ್ಮ ಅಬ್ಬಾ ಕಣ್ಣಿನ ಇಲಾಜಿಗೆ ಹೈದರಾಬಾದಿಗೆ ಹೋಗಿದ್ರು. ಖತ್ ಬರದು ಕೇಳಿದೆ. ನಕಲು ಮಾಡೋರು ತಿದ್ದಬಾರದು, ಇದ್ದಂಗ ಬರಿ ಅಂದ್ರು."

"ಮಳಿ ಇಲ್ಲದ ದಿನ ನಾ ಹಾಕಿದ್ದು ಸೊನ್ನಿ."

"ಸೊನ್ನಿ ಅಂದ್ರ?"

ಬಂಡೆಮ್ಮ ತಂಬಿಗೆಯಲ್ಲಿ ಉಳಿದ ನೀರಿಗೆ ಬೆರಳು ಅದ್ದಿ, ಕಲ್ಲು ಹಾಸಿನ ಮೇಲೆ ಒಂದು ದುಂಡನೆಯ ಗೆರೆ ಎಳೆದಳು.

"ಇದು ಪಾಂಚ್" ಎಂದಳು ವಾಹಿದಾ.

"ಐದಲ್ಲ ಯವ್ವಾ. ಐದಕ್ಕ ಚೂಪು ಇರ್ತದ." ಪಕ್ಕದಲ್ಲಿ ವೀಳ್ಯದೆಲೆ ಬರೆದಳು.

"ಲಗೂ ಲಗೂ ಬರಿಯೋ ಮುಂದ ನಾವು ಚೂಪು ಬಿಟ್ಟುಬಿಡ್ತೀವಿ. ಬರೇ ದುಂಡಗ ಬರದ್ರೂ ಅದು ಪಾಂಚೇ." ಹೇಳುತ್ತ ಹೇಳುತ್ತ ವಾಹಿದಾಳ ದನಿ ತಗ್ಗಿತು. ಅವಳು ಕುಕ್ಕರಗಾಲಲ್ಲಿ ಕೂತಳು. ತಾನೂ ಬೆರಳು ಅದ್ದಿ, ಕಲ್ಲಿನ ಮೇಲೆ ಒಂದು ಸಲ ಒತ್ತಿ ತೆಗೆದಳು. "ಏನೂ ಇಲ್ಲ ಅನ್ನೋದಕ್ಕ ನಮ್ಮ ಸಿಫರ್ ಇದು."

ಒಂದು ಚುಕ್ಕೆ. ಬಿಸಿಲಿಗೆ ಕಾದಿದ್ದ ಕಲ್ಲು ಅದನ್ನು ಆಗಲೇ ಹೀರಿಕೊಳ್ಳುತ್ತಿತ್ತು.

"ಬರೇ ಇಷ್ಟೇನು?" ಎಂದಳು ಬಂಡೆಮ್ಮ.

"ಇಷ್ಟೇ."

ಕಲ್ಲಿನ ಮೇಲೆ ಮೂರು ಗುರುತುಗಳಿದ್ದವು. ಚುಕ್ಕೆ ಮೊದಲು ಆರಿತು. ಆಮೇಲೆ ಎಲೆ. ಸೊನ್ನೆ ಕೊನೆಗೆ.

ಕಾರ್ಡುಗಳು ಟ್ರಂಕಿನಲ್ಲಿ ದಾರ ಕಟ್ಟಿ ಇಟ್ಟ ಹಾಗೇ ಇದ್ದವು. ಐವತ್ತೆರಡೂ. ವಾಹಿದಾ ಒಂದೊಂದನ್ನೇ ಹಿಡಿದು ತೋರಿಸಿದಳು, ಬಂಡೆಮ್ಮ ಹೇಳಿದಳು: ಇದು ಸೊನ್ನಿ, ಇದು ಸೊನ್ನಿ, ಇದು ಐದು ನೋಡ್ರಿ, ತುದಿ ಅದ. ಎಲ್ಲೂ ಅವಳು ತಡವರಿಸಲಿಲ್ಲ. ಒಂದು ವರ್ಷದ ಮುಂಜಾವುಗಳೆಲ್ಲ ಅವಳ ಕೈಬರಹದಲ್ಲಿ ಬೇರೆಬೇರೆಯಾಗಿಯೇ ಇದ್ದವು. ಓದುವ ಕಣ್ಣು ಅವನ್ನು ಒಂದೇ ಮಾಡಿತ್ತು. ವಾಹಿದಾ ಹೊಸ ಹಾಳೆಯಲ್ಲಿ ಬರೆದು ಕೂಡಿಸಿದಳು. ಇಪ್ಪತ್ತಮೂರು ಇಂಚು, ನಾಲ್ಕು ದೊಡ್ಡ ಗೆರೆ.

"ಇದು ಸರಿ" ಎಂದಳು ಬಂಡೆಮ್ಮ. ಕೂಡಿಸಿದ್ದನ್ನು ಅವಳು ಮೊದಲ ಸಲ ಕೇಳುತ್ತಿದ್ದಳು. ಆದರೂ ಆ ವರ್ಷ ಅಷ್ಟೇ ಇತ್ತು ಎಂದು ಅವಳ ಮೈಗೆ ಗೊತ್ತಿತ್ತು.

ಇಳಿಹೊತ್ತಿನ ಅಸರಿನ ನಮಾಜು ಮುಗಿಸಿ ಸಾಹೇಬರು ಬಂದರು. ಒಂದು ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಮಗಳು ಹೇಳಿದ್ದನ್ನೆಲ್ಲ ಕೇಳಿದರು. ಕಾರ್ಡೊಂದನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ ಇನ್ನೊಂದನ್ನು ಹಿಡಿದು ನೋಡಿದರು. ಅವರು ಅನ್ಯಾಯದ ಮನುಷ್ಯರಲ್ಲ.

"ಬರೋಬರ್ ಅದ" ಎಂದರು ಕೊನೆಗೆ. "ನಿನ್ನ ಚೇಷ್ಟೆ ಅಲ್ಲ. ನಾ ಹಂಗ ಬರೀಬಾರದಿತ್ತು."

ಬಂಡೆಮ್ಮ ಗೋಣಿಚೀಲದ ಬಾಯಿಯ ಮೇಲೆ ಕೈಯಿಟ್ಟಳು. "ಹಂಗಾರ ಒಯ್ತೀನ್ರಿ ಇದನ್ನ. ನಾಳಿ ಎಂಟಕ್ಕ ಮುಟ್ಟಬೇಕಂದ್ರ ಈಗ ಹೊಂಡಬೇಕು."

ಸಾಹೇಬರು ಕಾರ್ಡುಗಳನ್ನು ಅಂಚು ಸೇರಿಸಿ ಜೋಡಿಸಿದರು.

"ಹನ್ನೆರಡು ಊರಿನ ಮಳಿ ಲೆಕ್ಕದ ಕಿತಾಬು ಛಾಪಿಸಿ ಹೈದರಾಬಾದಿಗೆ ಹೋಗ್ಯಾದ. ಕಲ್ಮಲದ ಪಟೇಲಗ ಜಬಾನು ಕೊಟ್ಟೀನಿ. ನಾಳಿ ಅವನ ಆಳು ಬರ್ತಾನ."

"ಕಲ್ಮಲಕ್ಕ ಇನ್ನೊಂದು ಮಾಡಸ್ರಿ."

"ಲಡಾಯಿ ಈಗಷ್ಟ ಮುಗದದ, ಇನ್ನೂ ಎಲ್ಲಾ ತುಟ್ಟಿ. ತಗಡು ಎಲ್ಲಿ ಸಿಗ್ತದ?"

"ಕಿತಾಬಿನ್ಯಾಗ ಮಲ್ಲಟದ ಮುಂದ ಏನ ಬರದೀರಿ?"

ವಾಹಿದಾ ಅಪ್ಪನ ಮುಖ ನೋಡದೆ ಹೇಳಿದಳು: "ನಾಖಾಬಿಲೆ ಏತಬಾರ್. ನಂಬೋ ಹಂಗಿಲ್ಲ ಅಂತ."

"ಅದನ್ನರ ತಿದ್ದಿಸ್ರಿ."

"ಹೆಂಗ ತಿದ್ದಲಿ?" ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ತಿದ್ದಿದ್ರ ಕಾರಣ ಕೇಳ್ತಾರ. ಸಿಫರ್ ಗೊತ್ತಿಲ್ಲದವರ ಕೈಯಾಗ ಡಬ್ಬಿ ಕೊಟ್ಟಿದ್ದೆ ಅಂತ ಬರೀಲೇನು? ಆಮ್ಯಾಲ ಬಾಕಿ ಹನ್ನೊಂದು ಊರಿಂದೂ ಯಾರು ನಂಬ್ತಾರ?"

"ಸೊನ್ನಿ ನನಗ ಗೊತ್ತಿತ್ರೀ" ಎಂದಳು ಬಂಡೆಮ್ಮ. "ಚುಕ್ಕಿ ಯಾರೂ ಹೇಳಿದ್ದಿಲ್ಲ."

ಗೋಣಿಚೀಲದ ಮೇಲಿನ ಕೈಯನ್ನು ಅವಳು ತಾನಾಗಿಯೇ ತೆಗೆದಳು. ಸೀರೆಯ ತುಂಡಿನ ಗಂಟು ಬಿಚ್ಚಿ, ಲೋಟವನ್ನು ಬೆಳಕಿಗೆ ಹಿಡಿದು ಬಿರುಕಿಲ್ಲವೆಂದು ತೋರಿಸಿ ಕೆಳಗಿಟ್ಟಳು.

"ಕಲ್ಮಲದವಗ ಮೊದಲ ಚುಕ್ಕಿ ಕಲಸ್ರಿ."

ಹಿತ್ತಲ ಬಾಗಿಲವರೆಗೆ ವಾಹಿದಾ ಜೊತೆಗೆ ಬಂದಳು. ದಾರ ಕಟ್ಟಿದ ಕಾರ್ಡುಗಳು ಅವಳ ಕೈಯಲ್ಲೇ ಇದ್ದವು. "ಒಂದಾದ್ರೂ ಒಯ್ರಿ. ನಿಮ್ಮ ಹತ್ತಿರ ಇರಲಿ. ಯಾವ ವಾರದ್ದು ಬೇಕು?"

ತೊಟ್ಟಿಲ ವಾರದ ಕಾರ್ಡು ಯಾವುದೆಂದು ಬಂಡೆಮ್ಮನಿಗೆ ಗೊತ್ತಿತ್ತು. ಕೈ ಚಾಚಲಿಲ್ಲ.

"ಬ್ಯಾಡ ಯವ್ವಾ. ಏಳು ದಿನ ಕಡಿಮಿ ಬಿದ್ರ ಮತ್ತ ನಿಮ್ಮ ಲೆಕ್ಕ ತಪ್ಪತದ."

ಮೋಟಾರಿನ ಅಡ್ಡೆಯಲ್ಲಿ ನಿಂತಾಗ, ಮರುದಿನ ಮುಂಜಾನೆ ಎಂಟಕ್ಕೆ ತಾನು ಎಲ್ಲಿಯೂ ಇರಬೇಕಾಗಿಲ್ಲ ಎಂದು ಅವಳಿಗೆ ಅನಿಸಿತು. ದೇವದುರ್ಗದ ದಾರಿಯ ದಿನಗಳನ್ನು ಬಿಟ್ಟರೆ ಮೂರು ವರ್ಷದಲ್ಲಿ ಅಂಥ ದಿನ ಬಂದಿರಲಿಲ್ಲ. ಸಿರವಾರದ ಕಡೆಯ ಮೋಟಾರು ಬಂತು, ಹೋಯಿತು. ಅವಳು ಮಾನ್ವಿಯದು ಹತ್ತಿದಳು.

ಕರೆಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಾಯಿಯನ್ನು ನೋಡಿದಳು. ಮೊರ ನಿಲ್ಲಿಸಲಿಲ್ಲ. ಒಂದು ವರ್ಷದ ಕೂಸು ಅವಳ ಬೆನ್ನ ಹಿಂದೆ ಗೋಡೆ ಹಿಡಿದು ನಿಂತು, ಹೊಸ ಮುಖವನ್ನು ನೋಡಿ ಅಳುಮೋರೆ ಮಾಡಿತು.

"ಡಬ್ಬಿ ಬಿಟ್ಟು ಹೆಂಗ ಬಂದಿ?"

"ಕಸಗೊಂಡ್ರು."

"ಅದಕ್ಕ ಬಂದಿ ಹಂಗಾರ."

ಬಂಡೆಮ್ಮ ಕಟ್ಟೆಯ ಅಂಚಿಗೆ ಕೂತಳು. ಹೇಳಬೇಕಾದ್ದು ಬಹಳವಿತ್ತು. ಕಾಗದ, ಚಾವಡಿಯ ನಗು, ದೇವದುರ್ಗದ ದಾರಿ, ಕಲ್ಲಿನ ಮೇಲೆ ಆರಿದ ಮೂರು ಗುರುತು. ಒಂದನ್ನೂ ಹೇಳದೆ ಅವಳು ಅಂದಳು:

"ತೊಟ್ಟಿಲ ದಿನ ಮೂರು ದೊಡ್ಡ ಗೆರಿ ಬಿದ್ದಿತ್ತು. ನಾ ಬಂದಿದ್ರ ಅದು ಹೋಗ್ತಿತ್ತು."

ಕರೆಮ್ಮನ ಮೊರ ನಿಂತಿತು. "ಯಾ ಮಳಿ? ಅವತ್ತು ಇಲ್ಲಿ ಕಣ್ಣು ಬಿಡದಂಥ ಬಿಸಲಿತ್ತು. ಕೂಸಿನ ಬಟ್ಟಿ ಒಗದು ಇದೇ ಕಟ್ಟಿ ಮ್ಯಾಲ ಒಣಗಿಸೀನಿ. ಯಪ್ಪನ್ನ ಕೇಳು."

"ಇಲ್ಲಿ ಬಿದ್ದಿದ್ದಿಲ್ಲೇನು?"

"ಒಂದು ಹನಿ ಇಲ್ಲ."

ಸಾಹೇಬರು ಹೇಳಿದ್ದು ಅದೇ. ಮಾನ್ವಿಯ ಆಕಾಶ ಬೇರೆ, ಮಲ್ಲಟದ ಆಕಾಶ ಬೇರೆ. ಅದನ್ನು ತೋರಿಸುವುದಕ್ಕೇ ಇದೆಲ್ಲ ನಡೆದಿತ್ತು. ಅದು ಅವತ್ತೇ ಎರಡು ಊರುಗಳ ನಡುವೆ ನಡೆದುಹೋಗಿತ್ತು, ತಾಯಿ ಮಗಳ ನಡುವೆ ಈಗ ಗೊತ್ತಾಯಿತು. ಯಾವ ಕಿತಾಬಿನಲ್ಲಿಯೂ ಇರಲಿಲ್ಲ. ಕಿತಾಬಿನಲ್ಲಿ ಆ ದಿನದ ಮುಂದೆ ಮೂವತ್ತೈದು ಎಂದಿತ್ತು. ಅದರ ಮುಂದೆ, ನಂಬುವ ಹಾಗಿಲ್ಲ ಎಂದು.

"ಹಂಗಾರ ಮಾನ್ವಿಗೆ ಇದು" ಎಂದು ಬಂಡೆಮ್ಮ ತೋರುಬೆರಳನ್ನು ಕಟ್ಟೆಯ ಧೂಳಿನಲ್ಲಿ ಒತ್ತಿ ತೆಗೆದಳು.

"ಏನದು?"

"ಸೊನ್ನಿ."

ಕರೆಮ್ಮ ಬಗ್ಗಿ ನೋಡಿದಳು. "ಸೊನ್ನಿ ದುಂಡಗ ಇರತದಲ್ಲಬೇ" ಎಂದು ಮತ್ತೆ ಮೊರ ಎತ್ತಿಕೊಂಡಳು. ಹಾರಿದ ಹೊಟ್ಟು ಬಂದು ಚುಕ್ಕೆಯ ಮೇಲೆ ಕೂತಿತು. ಬಂಡೆಮ್ಮ ಅದನ್ನು ಊದಲಿಲ್ಲ.